ಸೌಟಿನ ಬಾಲದ ಹಕ್ಕಿ

ನಮ್ಮ ಮನೆಯಲ್ಲಿ ಒಂದು ಸೌಟು ಇದೆ. ಹಿಟ್ಟು ರುಬ್ಬುವ ಗ್ರೈಂಡರಿನ ಕಲ್ಲಿಗೆ ಸಿಕ್ಕಿ ಅದರ ಹಿಡಿ ಅರ್ಧ ಸುತ್ತು ತಿರುಚಿಕೊಂಡಿದೆ. ಅದರಲ್ಲಿ ಸಾರು ಬಡಿಸಲು ಹೋದರೆ ಬಟ್ಟಲಿಗೆ ಬೀಳಬೇಕಾದದ್ದು ಉಣ್ಣುವವರ ಅಂಗಿಯ ಮೇಲೆ ಬೀಳುತ್ತದೆ. ನನ್ನ ಗಂಡ ಅದನ್ನು ಎಷ್ಟೋ ಸಲ ಹಳೇ ಸಾಮಾನು ಕೊಳ್ಳುವ ಭಂಗಾರ್‌ವಾಲಾನ ಚೀಲಕ್ಕೆ ಹಾಕಿದ್ದಾರೆ. ಅಷ್ಟೂ ಸಲ ನಾನು ಮೆಟ್ಟಿಲಿಳಿದು ಓಡಿ ವಾಪಸು ತಂದಿದ್ದೇನೆ. "ಈ ಸೊಟ್ಟ ಸೌಟಿನ ಮೇಲೆ ಎಂತ ಮೋಹ ನಿನಗೆ?" ಎಂದು ಅವರು ಕೇಳುತ್ತಾರೆ. "ಅದು ಸೌಟಲ್ಲ, ಪೊಮರೈನ್ ಸ್ಕುವಾದ ಬಾಲ" ಎನ್ನುತ್ತೇನೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡಂದಿರು ಕೆಲವು ಉತ್ತರಗಳನ್ನು ಕೆದಕದೆ ಬಿಟ್ಟುಬಿಡುತ್ತಾರೆ. ನಿಮಗೆ ಮಾತ್ರ ವಿವರವಾಗಿ ಹೇಳುತ್ತೇನೆ, ನಿಮಗೆ ಪುರುಸೊತ್ತು ಇರುವ ಹಾಗೆ ಕಾಣುತ್ತದೆ.

ಹಕ್ಕಿಗಳ ವಿಷಯದಲ್ಲಿ ನಾನೇನೂ ತಿಳಿದವಳಲ್ಲ. ಡೊಂಬಿವಲಿ ಈಸ್ಟಿನಲ್ಲಿ ಆರ್ಡರಿನ ಮೇಲೆ ಪತ್ರೊಡೆ, ನೀರುದೋಸೆ, ಕೋರಿರೊಟ್ಟಿ ಮಾಡಿಕೊಡುವ ಹೆಂಗಸು ನಾನು. ನನ್ನ ಲೆಕ್ಕದಲ್ಲಿ ಹಕ್ಕಿಗಳಲ್ಲಿ ಎರಡೇ ಬಗೆ, ಸಾರಿಗೆ ಬರುವವು ಮತ್ತು ಬಾರದವು. ಪಾರಿವಾಳ ಎರಡಕ್ಕೂ ಸೇರದೆ ನಮ್ಮ ಬಾತ್‌ರೂಮಿನ ಕಿಟಕಿಯಲ್ಲಿ ಸಂಸಾರ ಹೂಡಿದೆ, ಅದರ ಮಾತು ಬೇಡ. ಹಕ್ಕಿಯ ಹುಚ್ಚು ಇದ್ದದ್ದು ನನ್ನ ತಂಗಿ ಸುಮತಿಗೆ.

ಸುಮತಿ ಮದುವೆಯಾಗಲಿಲ್ಲ. ಐರೋಲಿಯಲ್ಲಿ ಒಬ್ಬಳೇ ಇರುತ್ತಾಳೆ. ನಿವೃತ್ತಳಾಗುವ ತನಕ ತುರ್ಭೆಯ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿದ್ದಳು. ಒಂದು ಬಣ್ಣವನ್ನು ಇನ್ನೊಂದು ಬಣ್ಣದ ಪಕ್ಕ ಹಿಡಿದು ನೋಡುವುದೇ ಅವಳ ಉದ್ಯೋಗ. ಗಿರಾಕಿ ಕಳಿಸಿದ ತುಂಡು ಒಂದು ಕೈಯಲ್ಲಿ, ಕಾರ್ಖಾನೆಯ ಬಣ್ಣ ಬಳಿದ ತಗಡು ಇನ್ನೊಂದು ಕೈಯಲ್ಲಿ. ಕಿಟಕಿಯ ಬೆಳಕಿಗೆ ಹಿಡಿದು ಕತ್ತು ಸ್ವಲ್ಪ ಓರೆ ಮಾಡಿ, "ಇದರಲ್ಲಿ ಹಳದಿ ಒಂಚೂರು ಜಾಸ್ತಿ" ಎಂದುಬಿಟ್ಟರೆ ಪೀಪಾಯಿಗಟ್ಟಲೆ ಬಣ್ಣ ವಾಪಸು ಹೋಗಬೇಕು. ಸುತ್ತ ನಿಂತವರಿಗೆ ಎರಡೂ ಒಂದೇ ಬಿಳಿ. ಅವಳಿಗೆ ಒಂದು ಮೊಸರಿನ ಬಿಳಿ, ಇನ್ನೊಂದು ಹಾಲಿನ ಬಿಳಿ. ಇಂಥವಳನ್ನು ಕರೆದುಕೊಂಡು ಸೀರೆಗೆ ಮ್ಯಾಚಿಂಗ್ ರವಿಕೆ ಬಟ್ಟೆ ತರಲು ಹೋಗುವ ತಪ್ಪನ್ನು ನಾನು ಮಾಡಿದ್ದೇನೆ. ಠಾಣೆಯ ಅಂಗಡಿಯವನು ಬೆಳಿಗ್ಗೆ ನಮಸ್ಕಾರ ಹೇಳಿ ಒಳಗೆ ಕರೆದವನು ಮಧ್ಯಾಹ್ನ ಕೈಮುಗಿದು ಹೊರಗೆ ಕಳಿಸಿದ. ಎರಡು ನಮಸ್ಕಾರಕ್ಕೂ ವ್ಯತ್ಯಾಸವಿತ್ತು, ಅಷ್ಟು ನನಗೂ ತಿಳಿಯುತ್ತದೆ.

ಈ ಗುಣ ಅವಳಿಗೆ ಕಾರ್ಖಾನೆ ಕೊಟ್ಟದ್ದಲ್ಲ, ಅಜ್ಜಿ ಕೊಟ್ಟದ್ದು. ಅಪ್ಪ ಠಾಣೆಯ ಹೋಟೆಲೊಂದರ ಗಲ್ಲಾದಲ್ಲಿದ್ದರು. ನಾವು ಬೆಳೆದದ್ದು ಡೊಂಬಿವಲಿಯ ಚಾಳಿನಲ್ಲಿ, ರಜೆ ಕಳೆದದ್ದು ಮಲ್ಪೆಯ ಕಡೆ ಅಜ್ಜಿಯ ಮನೆಯಲ್ಲಿ. ಅಜ್ಜಿ ಅಂಗಳದಲ್ಲಿ ಚಾಪೆ ಹಾಸಿ ಬಂಗುಡೆ ಒಣಗಿಸುತ್ತಿದ್ದಳು. ಕಾವಲು ನಮ್ಮದು. ನಾವು ಕಲ್ಲಾಟ ಆಡುತ್ತ ಮೈಮರೆತ ಹೊತ್ತಿಗೇ ಮೇಲಿನಿಂದ ಒಂದು ನೆರಳು ಬರ್ರನೆ ಇಳಿದು ಮೀನು ಎತ್ತಿಕೊಂಡು ಹೋಗುತ್ತಿತ್ತು. ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದಳು, "ಯಾರದು? ಗರುಡನಾ, ಹದ್ದಾ?"

ಪ್ರಶ್ನೆ ಸಣ್ಣದಲ್ಲ. ಕೆಂಪು ಮೈ, ಬಿಳಿ ತಲೆಯ ಗರುಡ ಒಯ್ದಿದ್ದರೆ ಅದು ದೇವರಿಗೆ ಸಂದ ಹಾಗೆ, ಅಜ್ಜಿ ಹೊರಗೆ ಬಂದು ಆಕಾಶಕ್ಕೆ ಕೈಮುಗಿಯುತ್ತಿದ್ದಳು. ಕಂದು ಬಣ್ಣದ ಹದ್ದು ಒಯ್ದಿದ್ದರೆ ಅದರ ವಂಶಕ್ಕೂ ನಮ್ಮ ಬೆನ್ನಿಗೂ ಮಂಗಳಾರತಿ. ಕದ್ದ ಮೀನು ಅದೇ, ಕದ್ದ ರೀತಿಯೂ ಅದೇ, ಆದರೆ ಅಜ್ಜಿಯ ನ್ಯಾಯಾಲಯದಲ್ಲಿ ತೀರ್ಪು ಬೇರೆ. ನಾನಾಗಿದ್ದರೆ ನೋಡದೆಯೇ "ಗರುಡ" ಎಂದುಬಿಡುತ್ತಿದ್ದೆ. ಸುಮತಿ ಬಿಡುತ್ತಿರಲಿಲ್ಲ. ಮೂಗು ಸೋರುತ್ತಿದ್ದ ಆ ಪುಟ್ಟ ಹುಡುಗಿ ಅಂಗಳದ ನಡುವೆ ಗಟ್ಟಿಯಾಗಿ ನಿಂತು, "ಅಲ್ಲಜ್ಜಿ, ಹದ್ದು. ಬಾಲದಲ್ಲಿ ಕವಲು ಇತ್ತು, ಗರುಡನ ಬಾಲ ದುಂಡಗೆ" ಎಂದು ಸಾಕ್ಷಿ ಹೇಳುತ್ತಿದ್ದಳು. ಏಟು ಇಬ್ಬರಿಗೂ ಬೀಳುತ್ತಿತ್ತು. ಅವಳು ಅಳುತ್ತಲೂ ಇರಲಿಲ್ಲ, ಸರಿಯಾಗಿ ಗುರುತಿಸಿದ ಸಮಾಧಾನ ಅವಳಿಗೆ ಸಾಕಿತ್ತು.

ದೊಡ್ಡವಳಾದ ಮೇಲೆ ಈ ಕವಲು ಬಾಲ, ದುಂಡು ಬಾಲಗಳ ಹುಚ್ಚು ಠಾಣೆ ಖಾಡಿಯ ದಂಡೆಗೆ ಬಂತು. ಖಾಡಿ ಎಂದರೆ ಇಲ್ಲಿ ಸಮುದ್ರ ಊರೊಳಗೆ ಚಾಚಿಕೊಂಡ ನೀರು. ಅವಳ ಮನೆಯಿಂದ ಆಟೋ ಹತ್ತಿದರೆ ಬೇಗನೆ ಅಲ್ಲಿರಬಹುದು. ಭಾನುವಾರ ಬೆಳಿಗ್ಗೆ ಊರೆಲ್ಲ ಇಡ್ಲಿಗೆ ಕಾಯುತ್ತಿದ್ದರೆ ಇವಳು ದುರ್ಬೀನು ಹಿಡಿದು ಕೆಸರಲ್ಲಿ ನಿಂತಿರುತ್ತಿದ್ದಳು. ಜನ ಗುಲಾಬಿ ಫ್ಲೆಮಿಂಗೋ ನೋಡಿ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಇವಳಿಗೆ ಫ್ಲೆಮಿಂಗೋ ಬೇಡ. "ಅದನ್ನು ಯಾರು ಬೇಕಾದರೂ ಗುರುತಿಸ್ತಾರೆ. ಅದರಲ್ಲಿ ಎಂತ ಉಂಟು?" ಎನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದರ ಹಾಗೆ ಇನ್ನೊಂದು ಇರುವ ಹಕ್ಕಿಗಳು, ನೋಡುವವರ ತಲೆ ತಿನ್ನುವಂಥವು.

ಅವುಗಳಲ್ಲೆಲ್ಲ ಅವಳ ತಲೆ ಹೆಚ್ಚು ತಿಂದದ್ದು ಸ್ಕುವಾ. ಇದು ನಡುಗಡಲಿನ ಹಕ್ಕಿ. ಉತ್ತರ ಧ್ರುವದ ಹತ್ತಿರ ಮರಿ ಮಾಡಿ, ಚಳಿಗೆ ನಮ್ಮ ಕಡೆಯ ಬೆಚ್ಚಗಿನ ಕಡಲಿಗೆ ಇಳಿಯುತ್ತದೆ. ದಡಕ್ಕೆ ಬರುವುದು ಅಪರೂಪ. ಬಿರುಗಾಳಿ ತಳ್ಳಿಕೊಂಡು ಬಂದರೆ ಮಾತ್ರ ಖಾಡಿಯ ತನಕ ಬರುತ್ತದೆ. ತಾನು ಮೀನು ಹಿಡಿಯುವುದಕ್ಕಿಂತ ಬೇರೆಯವರು ಹಿಡಿದದ್ದನ್ನು ಕಿತ್ತುಕೊಳ್ಳುವುದು ಅದಕ್ಕೆ ಇಷ್ಟ. ರೀವ ಎಂಬ ಬಿಳಿಯ ಸಪೂರ ಹಕ್ಕಿ ಕಷ್ಟಪಟ್ಟು ಮುಳುಗಿ ಒಂದು ಮೀನು ಹಿಡಿದು ಮೇಲೇಳುತ್ತದಲ್ಲ, ಅದರ ಬೆನ್ನು ಹತ್ತಿ, ಸುತ್ತಿಸಿ, ಸುಸ್ತು ಮಾಡಿ, ಅದು ಮೀನು ಬೀಳಿಸಿದ ಕೂಡಲೇ ನೀರು ಮುಟ್ಟುವ ಮೊದಲೇ ಹಿಡಿದುಬಿಡುತ್ತದೆ. "ದರೋಡೆಕೋರ ಅನ್ನು" ಎಂದೆ ನಾನು ಒಮ್ಮೆ. ಸುಮತಿಗೆ ಸಿಟ್ಟು ಬಂತು. "ನೀನು ಕೋಳಿಗೆ ಎಂತ ಮಾಡ್ತಿ ಅಂತ ಕೋಳಿಯನ್ನು ಕೇಳಬೇಕು" ಎಂದಳು.

ಇದರಲ್ಲಿ ನಮ್ಮ ಕಡೆ ಕಾಣುವ ಹತ್ತಿರದ ನೆಂಟರು ಎರಡು. ಒಂದು ಪೊಮರೈನ್, ಇನ್ನೊಂದು ಆರ್ಕ್ಟಿಕ್. ಪೊಮರೈನ್ ದಪ್ಪ, ಎದೆ ಮುಂದೆ ಬಂದದ್ದು, ರೆಕ್ಕೆ ಅಗಲ, ಹಾರುವಾಗ ಅವಸರವಿಲ್ಲ. ಆರ್ಕ್ಟಿಕ್ ತೆಳ್ಳಗೆ, ರೆಕ್ಕೆ ಚೂಪು, ಗಾಳಿಯಲ್ಲಿ ಗಕ್ಕನೆ ತಿರುಗುತ್ತದೆ. "ಅಂದರೆ ನಾನು ಪೊಮರೈನ್, ನೀನು ಆರ್ಕ್ಟಿಕ್" ಎಂದೆ. ನಾವಿಬ್ಬರೂ ಜೊತೆಗೆ ನಿಂತರೆ ಅದನ್ನು ಯಾರೂ ಅಲ್ಲಗಳೆಯಲಾರರು. ಅವಳು ನಗಲಿಲ್ಲ, ಇಂಥ ವಿಷಯದಲ್ಲಿ ಅವಳು ನಗುವುದಿಲ್ಲ. ನನ್ನ ಅಡುಗೆಮನೆಯನ್ನೆಲ್ಲ ತಡಕಾಡಿ ಆ ಸೊಟ್ಟ ಸೌಟನ್ನು ಎತ್ತಿ ಹಿಡಿದು, "ಇಗೋ, ಪೊಮರೈನಿನ ಬಾಲದ ನಡುವಿನ ಗರಿ ಹೀಗೆ ಇರ್ತದೆ. ತುದಿ ಅಗಲ, ಅರ್ಧ ತಿರುಚಿದ್ದು. ಆರ್ಕ್ಟಿಕ್‌ದ್ದು ದಬ್ಬಣದ ಹಾಗೆ ಚೂಪು. ಇದೊಂದು ಕಂಡರೆ ಮತ್ತೆ ಮಾತೇ ಇಲ್ಲ" ಎಂದಳು. ಅಂದಿನಿಂದ ಆ ಸೌಟಿಗೆ ನಮ್ಮ ಮನೆಯಲ್ಲಿ ಅಭಯ ಸಿಕ್ಕಿತು.

ಆದರೆ ಹಕ್ಕಿಗಳು ಸದಾ ಸೌಟು ಹಿಡಿದು ಬರುವುದಿಲ್ಲ. ಎಳೆಯವಕ್ಕೆ ಆ ಗರಿ ಬೆಳೆದಿರುವುದಿಲ್ಲ, ಬೆಳೆದವಕ್ಕೆ ಮುರಿದಿರುತ್ತದೆ, ಗರಿ ಸರಿಯಾಗಿದ್ದರೆ ಮಳೆ ಇರುತ್ತದೆ. ಹಾಗೆ ಗುರುತು ಸಿಗದೆ ಹೋದಾಗ ಹಕ್ಕಿ ನೋಡುವವರದ್ದೊಂದು ಪದ್ಧತಿ ಉಂಟು. ಎರಡು ಹೆಸರನ್ನೂ ಬರೆದು ನಡುವೆ ಒಂದು ಓರೆ ಗೀಟು ಎಳೆಯುತ್ತಾರೆ. ಪೊಮರೈನ್, ಗೀಟು, ಆರ್ಕ್ಟಿಕ್. ಎರಡರಲ್ಲಿ ಒಂದು, ಯಾವುದೆಂದು ನನಗೆ ತಿಳಿಯಲಿಲ್ಲ ಎಂದು ಅರ್ಥ. ಎಷ್ಟು ಮರ್ಯಾದೆಯ ಪದ್ಧತಿ ನೋಡಿ. ನಮ್ಮ ಸೊಸೈಟಿಯ ಮೀಟಿಂಗಿಗೂ ಇದನ್ನು ತರಬೇಕೆಂದು ನನಗೆ ಅನೇಕ ಸಲ ಅನಿಸಿದೆ. ಸುಮತಿ ತನ್ನ ಜೀವಮಾನದಲ್ಲಿ ಆರ್ಕ್ಟಿಕ್ಕನ್ನು ಖಚಿತವಾಗಿ ನೋಡಿದ್ದಾಳೆ. ಇನ್ನೊಂದು ಸಲ ದಪ್ಪ ಹಕ್ಕಿಯೊಂದು ದೂರದಲ್ಲಿ ಹಾದುಹೋಯಿತಂತೆ, ನೂರಕ್ಕೆ ತೊಂಬತ್ತು ಪೊಮರೈನ್. ಉಳಿದ ಹತ್ತಕ್ಕಾಗಿ ಅವಳು ಗೀಟು ಎಳೆದಳು. ಅಂದಿನಿಂದ ಒಂದು ಪೊಮರೈನನ್ನು ಸರಿಯಾಗಿ ನೋಡಬೇಕೆಂಬುದೇ ಅವಳ ಆಸೆಯಾಗಿತ್ತು.

ನಾನು ಇಷ್ಟು ಹೊತ್ತು ನಗುತ್ತ ಬಂದದ್ದು ಮುಂದಿನದನ್ನು ಸ್ವಲ್ಪ ಹೊತ್ತು ಮುಂದೂಡೋಣ ಎಂದು. ಒಂದು ದಿನ ಸುಮತಿ ಫೋನು ಮಾಡಿ, "ಅಕ್ಕ, ನಮ್ಮ ಬಾಗಿಲಿನ ಚೌಕಟ್ಟು ಸೊಟ್ಟ ಆಗಿದೆ" ಎಂದಳು. ಬಡಗಿಯನ್ನು ಕರೆಸು ಎಂದೆ. ಬಡಗಿ ಬಂದು ನೋಡಿ ನೆಟ್ಟಗಿದೆ ಎಂದ. ಸೊಟ್ಟಗಾದದ್ದು ಚೌಕಟ್ಟಲ್ಲ, ಅವಳ ಕಣ್ಣು. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಿದೆ ಎಂದರು ಠಾಣೆಯ ಡಾಕ್ಟರು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಕಣ್ಣಿಗೇ ಇಂಜೆಕ್ಷನ್ ಕೊಡಿಸಿದೆವು. ಇನ್ನೂ ಕೆಡದಂತೆ ಅದು ತಡೆದೀತು, ಹೋದದ್ದು ಬರುವುದಿಲ್ಲ ಎಂದರು. ಪೂರ್ತಿ ಕುರುಡಲ್ಲ. ಸುತ್ತಲಿನದು ಕಾಣುತ್ತದೆ, ನಟ್ಟನಡುವೆ ಮಾತ್ರ ಮಬ್ಬು. ಅವಳು ಅದನ್ನು ತನ್ನ ರೀತಿಯಲ್ಲೇ ಹೇಳಿದಳು: "ಯಾವುದನ್ನು ನೋಡ್ತೇನೋ ಅದು ಕಾಣುದಿಲ್ಲ ಅಕ್ಕ. ನೋಡದ್ದೆಲ್ಲ ಕಾಣ್ತದೆ." ನನ್ನನ್ನು ನೋಡಿದರೆ ನನ್ನ ಕಿವಿಯ ಓಲೆ, ಸೀರೆಯ ಸೆರಗು ಕಾಣುತ್ತದೆ, ಮುಖ ಇರಬೇಕಾದಲ್ಲಿ ಬೂದಿಬಣ್ಣ. ಹಾಲು ಯಾವುದು ಮೊಸರು ಯಾವುದು ಎಂದು ದೂರದಿಂದಲೇ ಹೇಳುತ್ತಿದ್ದವಳಿಗೆ ದೇವರು ಇದನ್ನೇ ಕೊಡಬೇಕಿತ್ತೇ ಎಂದು ನಾನು ಅವನನ್ನು ಬೈದಿದ್ದೇನೆ, ಈಗಲೂ ಬೈಯುತ್ತೇನೆ.

ಅವಳು ಖಾಡಿಗೆ ಹೋಗುವುದನ್ನು ನಿಲ್ಲಿಸಿದಳು. ದುರ್ಬೀನನ್ನು ಒಂದು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಯಾರಿಗಾದರೂ ಕೊಡು" ಎಂದಳು. ನಾನು ಯಾರಿಗೂ ಕೊಡಲಿಲ್ಲ. ಡೊಂಬಿವಲಿಗೆ ಬಂದು ನಮ್ಮ ಜೊತೆಗಿರು ಎಂದರೆ ಒಪ್ಪಲಿಲ್ಲ. ಮನೆಯೊಳಗಿನ ಕೆಲಸವೆಲ್ಲ ಅಂದಾಜಿನಲ್ಲೇ ಮಾಡುತ್ತಿದ್ದಳು, ಅಡುಗೆಯೂ ಆಗುತ್ತಿತ್ತು. ಆದರೆ ಮಾತು ಕಡಿಮೆಯಾಯಿತು. ನಾನು ಹೋದಾಗಲೆಲ್ಲ ಖಾಡಿಯ ಕಡೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದಳು. "ಬಾ, ಒಂದು ಸುತ್ತು ಹೋಗಿ ಬರುವ. ನಾನು ನೋಡಿ ಹೇಳ್ತೇನೆ" ಎಂದೆ ಒಮ್ಮೆ. "ನೀನು ಹೇಳುದಾ? ನೀನು ಕೊಕ್ಕರೆಯನ್ನೂ ಪಾತರಗಿತ್ತಿ ಅಂದವಳು" ಎಂದಳು. ಕೊಕ್ಕರೆ ದೂರದಲ್ಲಿತ್ತು, ಅದು ನನ್ನ ತಪ್ಪಲ್ಲ. ಆದರೆ ನನಗೆ ನೋವಾದದ್ದು ಆ ಮಾತಿಗಲ್ಲ. ಬೇರೆಯವರ ಕಣ್ಣನ್ನು ನಂಬಿ ಹಕ್ಕಿ ನೋಡುವುದು ಅವಳ ಮಟ್ಟಿಗೆ ನೋಡಿದ ಹಾಗೇ ಅಲ್ಲ. ಕೊನೆಯ ತನಕ ಈ ಹುಡುಗಿ ಹೀಗೆ ಗೋಡೆ ನೋಡುತ್ತಲೇ ಕೂತುಬಿಡುತ್ತಾಳೋ ಎಂಬ ಹೆದರಿಕೆ ನನಗೆ ಹತ್ತಿತು. ಅರವತ್ತು ದಾಟಿದವಳನ್ನು ಹುಡುಗಿ ಎನ್ನುತ್ತಿದ್ದೇನೆ, ಇರಲಿ, ನನಗೆ ಅವಳು ಅಷ್ಟೇ.

ಕಳೆದ ವರ್ಷ ಚೌತಿಯ ಹಿಂದಿನ ವಾರ ಗಾಳಿಮಳೆ ಜೋರಾಯಿತು. ನನ್ನ ಮನೆಯಲ್ಲಿ ಹಬ್ಬದ ಆರ್ಡರಿನ ಗಲಾಟೆ. ಅಕ್ಕಿ ನೆನೆದಿದೆ, ಕೆಸುವಿನ ಎಲೆ ರಾಶಿ ಬಿದ್ದಿದೆ. ಫೋನು ಟಿಂಗೆಂದಿತು. ಸುಮತಿಯ ಹಕ್ಕಿ ಬಳಗದ ವಾಟ್ಸಾಪ್ ಗುಂಪಿಗೆ ನಾನು ಸೇರಿಕೊಂಡಿದ್ದೆ. ಅವಳು ಬಿಟ್ಟುಹೋದ ಜಾಗ ಖಾಲಿ ಕಾಣಬಾರದು ಎಂಬ ಒಂದು ಪೆದ್ದು ಆಸೆ. ಅದರಲ್ಲಿ ಯಾರೋ ಹಾಕಿದ್ದರು: ಐರೋಲಿಯ ಕಡೆ ಖಾಡಿಯ ಮೇಲೆ ಒಂದು ಸ್ಕುವಾ ಬಂದಿದೆ, ಯಾವುದೆಂದು ತಿಳಿಯುತ್ತಿಲ್ಲ. ಜೊತೆಗೊಂದು ಫೋಟೋ. ಕೆಳಗೆ ನೀರಿನಲ್ಲಿ ಒಂದು ಫ್ಲೆಮಿಂಗೋ, ಮೇಲೆ ಬೂದಿಬಣ್ಣದ ಆಕಾಶದಲ್ಲಿ ಒಂದು ಮಸಿಯ ಚುಕ್ಕೆ. ಈ ಚುಕ್ಕೆ ಹಕ್ಕಿಯೋ, ನನ್ನ ಫೋನಿನ ಗಾಜಿಗೆ ಅಂಟಿದ ಮಸಾಲೆಯೋ ಎಂದು ಒರೆಸಿ ನೋಡಿದೆ. ಹಕ್ಕಿಯೇ.

ಸುಮತಿಗೆ ಫೋನು ಮಾಡಿದೆ.

"ಸ್ಕುವಾ ಬಂದಿದೆಯಂತೆ. ನಿನ್ನ ಖಾಡಿಗೆ."

ಆ ಕಡೆ ಕುರ್ಚಿ ಸರಿಸಿದ ಸದ್ದು. ಆಮೇಲೆ, "ಪೊಮರೈನಾ, ಆರ್ಕ್ಟಿಕಾ?"

"ಗೊತ್ತಿಲ್ಲ. ಯಾರಿಗೂ ಗೊತ್ತಾಗ್ಲಿಲ್ಲವಂತೆ."

"ಎಷ್ಟು ದೊಡ್ಡದು?"

"ಸಣ್ಣದು. ಫ್ಲೆಮಿಂಗೋಗಿಂತ ಸುಮಾರು ಸಣ್ಣದು. ಫೋಟೋದಲ್ಲಿ ಕೆಳಗೆ ಒಂದು ನಿಂತಿದೆ."

"ಅಕ್ಕ," ಎಂದಳು. ಎಷ್ಟೋ ತಿಂಗಳ ಮೇಲೆ ಅವಳ ಸ್ವರದಲ್ಲಿ ಆ ಹಳೆಯ ಅಸಹನೆ ಕೇಳಿತು, ನನಗೆ ಕುಣಿಯುವಷ್ಟು ಖುಷಿಯಾಯಿತು. "ಫ್ಲೆಮಿಂಗೋದ ಹತ್ತಿರ ಎಲ್ಲವೂ ಸಣ್ಣದೇ ಮಾರಾಯ್ತಿ. ಈ ಖಾಡಿಯವರದ್ದೆಲ್ಲ ಇದೇ ಕತೆ. ಎಂತ ಬಂದರೂ ಫ್ಲೆಮಿಂಗೋ ಹಿಡಿದು ಅಳೆಯುದು. ಹಾಗೆ ಸಣ್ಣದು ಅಂತ ಕಂಡು ಆರ್ಕ್ಟಿಕ್ ಅಂತ ಹಾಕಿಬಿಡ್ತಾರೆ. ರೀವದ ಪಕ್ಕ ಇಟ್ಟು ನೋಡಬೇಕು."

"ಹಾಗಾದರೆ ನೀನೇ ಬಂದು ಹೇಳು. ಇಲ್ಲದಿದ್ದರೆ ನಾಳೆ ನಿನ್ನ ಪೊಮರೈನನ್ನು ಇವರೆಲ್ಲ ಸೇರಿ ಆರ್ಕ್ಟಿಕ್ ಮಾಡ್ತಾರೆ."

"ಬಾ" ಎಂದಳು.

ಕೆಸುವಿನ ಎಲೆಗೆ ಹಿಟ್ಟು ಹಚ್ಚುವ ಕೆಲಸವನ್ನು ಗಂಡನ ತಲೆಗೆ ಕಟ್ಟಿದೆ. "ಯಾವ ಕಡೆಗೆ ಹಚ್ಚುದು?" ಎಂದು ಅವರು ಕೇಳುತ್ತಿದ್ದಂತೆಯೇ ದುರ್ಬೀನು ಕೊರಳಿಗೆ ಹಾಕಿಕೊಂಡು ಇಳಿದೆ. ಠಾಣೆಗೆ ಒಂದು ಲೋಕಲ್, ಅಲ್ಲಿಂದ ಐರೋಲಿಗೆ ಇನ್ನೊಂದು. ಹೆಂಗಸರ ಡಬ್ಬಿಯಲ್ಲಿ ಎದುರು ಕೂತ ಹುಡುಗಿ ನನ್ನ ಕೊರಳನ್ನೇ ನೋಡಿ, "ಆಂಟಿ, ಟ್ರೆಕ್ಕಿಂಗ್?" ಎಂದಳು. ನನ್ನ ಗಾತ್ರ ನೋಡಿಯೂ ಹಾಗೆ ಕೇಳಿದ ಆ ಮಗುವಿಗೆ ದೇವರು ಒಳ್ಳೆಯದು ಮಾಡಲಿ.

ಸುಮತಿ ಬಾಗಿಲಲ್ಲೇ ನಿಂತಿದ್ದಳು, ಹಳೆಯ ರೇನ್‌ಕೋಟು ಹಾಕಿಕೊಂಡು. ಬಹಳ ದಿನದಿಂದ ಮಡಿಸಿಟ್ಟದ್ದರ ಗೆರೆಗಳು ಅದರ ಮೇಲೆ ಇನ್ನೂ ಇದ್ದವು. ಕೆಳಗೆ ಆಟೋದ ಮಲ್ಲಪ್ಪ ಕಾಯುತ್ತಿದ್ದ. ಇಂಡಿ ಕಡೆಯವನು, ಹಿಂದೆಲ್ಲ ಭಾನುವಾರ ಅವಳನ್ನು ಖಾಡಿಗೆ ಒಯ್ಯುತ್ತಿದ್ದವನು ಅವನೇ.

"ಏನ್ರೀ ಅಕ್ಕಾರ, ಎಷ್ಟ ದಿನಾ ಆತ್ರಿ ನಿಮ್ಮನ್ನ ನೋಡಿ! ಆರಾಮ ಅದೀರಿಲ್ರಿ?"

"ಕಣ್ಣು ಸರಿ ಇಲ್ಲ ಮಲ್ಲಪ್ಪ."

"ಅದಕ್ಕೇನ್ರಿ, ದೊಡ್ಡಕ್ಕಾರು ಅದಾರಲ್ರಿ. ಕುಂದರ್ರಿ, ಸಾವಕಾಶ ಹೊಡಿತೀನಿ. ಆದ್ರ ಇಂಥಾ ಮಳ್ಯಾಗ ಹಕ್ಕಿ ನೋಡಾಕ ಯಾರರ ಹೊಕ್ಕಾರೇನ್ರಿ?"

"ಇಂಥ ಮಳೆಯಲ್ಲೇ ಹೋಗುದು" ಎಂದಳು ಸುಮತಿ.

ಖಾಡಿಯ ದಂಡೆಯಲ್ಲಿ ನಾವಿಬ್ಬರೇ. ಮಲ್ಲಪ್ಪ ಆಟೋದ ಪರದೆ ಇಳಿಸಿಕೊಂಡು ಒಳಗೆ ಕೂತ. ಮಳೆ ಹನಿಹನಿಯಾಗಿತ್ತು, ಕೆಸರು ನೀರಿನ ಮೇಲೆ ಬಿಳಿಯ ರೀವಗಳು ಏಳುತ್ತ ಮುಳುಗುತ್ತ ಇದ್ದವು. ಮಳೆಗಾಲಕ್ಕೆ ತಮ್ಮ ಊರಿಗೆ ಹೋಗದೆ ಉಳಿದ ನಾಲ್ಕು ಫ್ಲೆಮಿಂಗೋ ಒಂದು ಮೂಲೆಯಲ್ಲಿ. ಆಚೆ ದಡದ ಕಟ್ಟಡಗಳು ಮೋಡದೊಳಗೆ. ನಾನು ದುರ್ಬೀನು ಕಣ್ಣಿಗಿಟ್ಟೆ. ಮೊದಲು ಕಂಡದ್ದು ನನ್ನದೇ ರೆಪ್ಪೆ. ಆಮೇಲೆ ಕಂಡ ಕಂದು ಬಣ್ಣದ್ದನ್ನೆಲ್ಲ ಸ್ಕುವಾ ಎಂದೆ. "ಅಲ್ಲಿ!" ಎಂದರೆ ಅದು ಹದ್ದು. "ಇಲ್ಲಿ!" ಎಂದರೆ ತೇಲಿ ಬಂದ ಒಂದು ಬೂಟು. ಸುಮತಿ ತಾಳ್ಮೆಯಿಂದ, "ರೆಕ್ಕೆ ಬಡೀತಾ ಉಂಟಾ?" ಎಂದು ಕೇಳಿದಳು. ಬೂಟು ಬಡಿಯುತ್ತಿರಲಿಲ್ಲ.

ಕಾದೆವು. ಸೊಂಟ ನೋಯತೊಡಗಿತು. ಹಕ್ಕಿ ಹೊರಟೇ ಹೋಯಿತೇನೋ ಎಂದು ನಾನು ಒಳಗೊಳಗೇ ಎಲ್ಲ ದೇವರಿಗೂ ಹರಕೆ ಹೊತ್ತುಕೊಂಡೆ. ಇವತ್ತು ಬರಿಗೈಯಲ್ಲಿ ಹೋದರೆ ಅವಳು ಇನ್ನೊಮ್ಮೆ ಹೊರಡುವುದಿಲ್ಲ, ಅಷ್ಟು ನನಗೆ ಗೊತ್ತಿತ್ತು. ಅಷ್ಟರಲ್ಲಿ ರೀವಗಳ ಗುಂಪು ಚೆಲ್ಲಾಪಿಲ್ಲಿಯಾಗಿ ಕಿರುಚತೊಡಗಿತು. ಒಂದು ರೀವದ ಬೆನ್ನ ಹಿಂದೆ ಕಡುಗಂದು ಬಣ್ಣದ ಹಕ್ಕಿಯೊಂದು ಬಿದ್ದಿತ್ತು.

"ಸುಮ, ಬಂತು! ಅಟ್ಟಿಸಿಕೊಂಡು ಹೋಗ್ತಾ ಉಂಟು."

"ರೀವಕ್ಕಿಂತ ಎಷ್ಟು ದೊಡ್ಡದು? ನಿಧಾನ ಹೇಳು."

"ತುಂಬ ದೊಡ್ಡದು. ರೀವ ಇದರ ಮುಂದೆ ಏನೂ ಅಲ್ಲ."

"ಎದೆ?"

"ಮುಂದೆ ಬಂದಿದೆ. ನನ್ನ ಹಾಗೆ."

"ಕೊಕ್ಕು ಒಂದೇ ಬಣ್ಣವಾ, ತುದಿ ಮಾತ್ರ ಕಪ್ಪಾ?"

"ಬುಡ ಬಿಳಿಚಿಕೊಂಡ ಹಾಗೆ ಉಂಟು. ತುದಿ ಕಪ್ಪು, ಅನಿಸ್ತದೆ."

ಅವಳ ಕೈ ನನ್ನ ತೋಳನ್ನು ಹಿಡಿಯಿತು. ಉಗುರು ಊರುವಷ್ಟು ಗಟ್ಟಿಯಾಗಿ. "ಬಾಲ ನೋಡು ಅಕ್ಕ. ಬಾಲದ ನಡುವಿನ ಗರಿ. ಸೌಟಾ?"

ಹಕ್ಕಿ ತಿರುಗಿತು, ರೀವ ಮೀನು ಬೀಳಿಸಿತು, ಇದು ಬಗ್ಗಿ ಅದನ್ನು ಗಾಳಿಯಲ್ಲೇ ಹಿಡಿಯಿತು. ನಾನು ಬಾಲವನ್ನೇ ನೋಡಿದೆ. ಗಾಜಿನ ಮೇಲೆ ಹನಿ, ಹಕ್ಕಿಯ ಹಿಂದೆ ಮೋಡ. ಬಾಲದ ತುದಿಯಲ್ಲಿ ಏನೋ ಇತ್ತು, ಇಲ್ಲದೆಯೂ ಇರಬಹುದು. ಅಷ್ಟರಲ್ಲಿ ಅದು ಖಾಡಿಯ ಮೇಲಿನ ಸೇತುವೆಯ ಕಡೆ ಹೊರಳಿ ಸಣ್ಣದಾಗುತ್ತ ಹೋಯಿತು.

ಸುಮತಿಯ ಮುಖವನ್ನು ನೋಡಿದೆ. ಅವಳು ಹಕ್ಕಿಯಿದ್ದ ಕಡೆಗಲ್ಲ, ಅದರಿಂದ ಸ್ವಲ್ಪ ಓರೆಗೆ ನೋಡುತ್ತಿದ್ದಳು, ಈಗ ಅವಳಿಗೆ ಕಾಣುವುದು ಹಾಗೆ. ಬಾಯಿ ಅರ್ಧ ತೆರೆದಿತ್ತು. ಅಂಗಳದಲ್ಲಿ ನಿಂತ ಆ ಪುಟ್ಟ ಹುಡುಗಿಯದೇ ಮುಖ. ಸೌಟು ಎಂದು ಒಂದು ಮಾತು ಹೇಳಿದರೆ ಆಗಿಹೋಗುತ್ತಿತ್ತು. ಅವಳ ಜೀವಮಾನದ ಹಕ್ಕಿ ಅವಳಿಗೆ ಸಿಗುತ್ತಿತ್ತು, ಅವಳ ಗೀಟು ಅಳಿಯುತ್ತಿತ್ತು. ಅಲ್ಲವೆನ್ನಲು ಆ ದಂಡೆಯಲ್ಲಿ ಇನ್ನೊಂದು ಪ್ರಾಣಿ ಇರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಮೇಲಿನ ಪ್ರೀತಿಯೇ ಅದನ್ನು ತಳ್ಳಿಕೊಂಡು ಬಂದಿತ್ತು.

"ಸೌಟಾ ಅಕ್ಕ?"

"ಕಾಣಲಿಲ್ಲ ಸುಮ," ಎಂದೆ. "ನೋಡಿದೆ. ನನಗೆ ಕಾಣಲಿಲ್ಲ."

ಹೇಳಿದ ಕೂಡಲೇ ನನ್ನನ್ನೇ ಶಪಿಸಿಕೊಂಡೆ. ಮಳೆಯಲ್ಲಿ ಇಷ್ಟು ದೂರ ಕರೆತಂದು ಕೊಟ್ಟದ್ದು ಇದನ್ನೇ? ಅವಳ ಕೈ ನನ್ನ ತೋಳಿನ ಮೇಲೆ ಹಾಗೇ ಇತ್ತು. ಮನೆಗೆ ಹೋಗುವ ಎನ್ನುತ್ತಾಳೆ ಎಂದು ಕಾದೆ. ಅವಳ ಬೆರಳು ಸಡಿಲವಾದವು, ಆದರೆ ತೋಳು ಬಿಡಲಿಲ್ಲ.

"ನನ್ನ ಖುಷಿಗೆ ನೀನು ಸೌಟು ಅಂತೀ ಅಂತ ಮಾಡಿದ್ದೆ," ಎಂದಳು. "ಹೇಳಿದ್ದರೆ ನಾನು ಇನ್ನು ಯಾವತ್ತೂ ಬರ್ತಿರಲಿಲ್ಲ."

ನಾನು ದುರ್ಬೀನಿನ ಗಾಜನ್ನು ಸೆರಗಿನಿಂದ ಒರೆಸಿದೆ.

"ನಾಳೆ ನೀರಿನ ಭರತ ಬೆಳಿಗ್ಗೆಯೇ ಉಂಟು. ನೀರು ಏರುವಾಗ ಹತ್ತಿರ ಬರ್ತದೆ. ಬೇಗ ಲೋಕಲ್ ಹಿಡಿ. ಇಲ್ಲ, ಇವತ್ತು ಇಲ್ಲೇ ಮಲಗು."

"ಪತ್ರೊಡೆ?"

"ಭಾವ ಕಟ್ತಾರೆ. ನಾಳೆಯೂ ಕಾಣದಿದ್ದರೆ ಕಾಣಲಿಲ್ಲ ಅಂತಲೇ ಹೇಳು. ನಿನ್ನ ಕಣ್ಣು ನನಗೆ ನಡೀತದೆ."

ನಾನು ದುರ್ಬೀನನ್ನು ಮತ್ತೆ ಕಣ್ಣಿಗೆ ಒತ್ತಿಕೊಂಡೆ. ನೋಡಲಿಕ್ಕಲ್ಲ. ಅವಳಿಗೆ ನನ್ನ ಮುಖ ಹೇಗೂ ಕಾಣುವುದಿಲ್ಲ, ಆದರೂ ಮುಚ್ಚಿಕೊಳ್ಳಬೇಕೆನಿಸಿತು.

"ಅಳಬೇಡ ಅಕ್ಕ," ಎಂದಳು ಸುಮತಿ, ನೀರಿನ ಕಡೆಗೇ ಮುಖ ಮಾಡಿಕೊಂಡು. "ಗಾಜು ಮಂಜಾಗ್ತದೆ. ಈಗ ಎದುರು ಯಾರುಂಟು, ಹೇಳು."